375ರಲ್ಲಿ ಎಡವಿ 450ರಲ್ಲಿ ಓಡಿದ ಚಿಪ್

1998ರ ಆಗಸ್ಟ್ 24ರಂದು ಇಂಟೆಲ್ ಕಂಪನಿ ಎರಡು ದರ್ಜೆಯ ಪ್ರೊಸೆಸರ್‌ಗಳನ್ನು ಒಟ್ಟಿಗೇ ಮಾರುಕಟ್ಟೆಗೆ ಬಿಟ್ಟಿತು. ಮೇಲಿನ ದರ್ಜೆಯದು 450 ಮೆಗಾಹರ್ಟ್ಸ್ ವೇಗದ ಪೆಂಟಿಯಂ-2. ಸಗಟು ಬೆಲೆ 669 ಡಾಲರ್. ಕೆಳಗಿನ ದರ್ಜೆಯದು 300 ಮೆಗಾಹರ್ಟ್ಸ್‌ನ ಸೆಲೆರಾನ್ 300ಎ. ಅದಕ್ಕೆ 149 ಡಾಲರ್. ಹೆಚ್ಚು ದಿನ ಕಳೆಯುವ ಮೊದಲೇ ಕಂಪ್ಯೂಟರಿನ ಗೀಳು ಹತ್ತಿಸಿಕೊಂಡವರು ಒಂದು ಸಂಗತಿ ಕಂಡುಕೊಂಡರು. ಆ ಅಗ್ಗದ ಚಿಪ್‌ಗಳಲ್ಲಿ ಬಹಳಷ್ಟು ಯಾವ ತಕರಾರೂ ಇಲ್ಲದೆ 450 ಮೆಗಾಹರ್ಟ್ಸ್‌ನಲ್ಲೂ ಓಡುತ್ತಿದ್ದವು. ಕಾರ್ಖಾನೆ ನಿಗದಿ ಮಾಡಿದ ವೇಗ ಮೀರಿ ಪ್ರೊಸೆಸರನ್ನು ಓಡಿಸುವ ಓವರ್‌ಕ್ಲಾಕಿಂಗ್ ಅದಕ್ಕೂ ಮೊದಲೇ ಇತ್ತು. ಆದರೆ ಅದು ಮನೆಮನೆಯ ಮೇಜಿನ ಮೇಲೆ ಬಂದು ಕೂತದ್ದು ಈ ಚಿಪ್‌ನ ದೆಸೆಯಿಂದ.

ಸೆಲೆರಾನ್ 300ಎ ಒಳಗೆ 4.5 ಎಂಬ ಗುಣಕ ಬದಲಾಯಿಸಲಾಗದಂತೆ ಬೀಗ ಹಾಕಿಕೊಂಡು ಕೂತಿತ್ತು. ಮದರ್‌ಬೋರ್ಡ್ ಕೊಡುವ 66 ಮೆಗಾಹರ್ಟ್ಸ್ ಮಿಡಿತವನ್ನು ಅದರಿಂದ ಗುಣಿಸಿದರೆ 300. ಬೋರ್ಡಿನ ಮಿಡಿತವನ್ನೇ 100ಕ್ಕೆ ಏರಿಸಿದರೆ 450. ಅಬಿಟ್ ಬಿಎಚ್6ನಂಥ ಬೋರ್ಡುಗಳಲ್ಲಿ ಇದನ್ನು ಬಯೋಸ್ ಪರದೆಯಲ್ಲೇ ಬದಲಾಯಿಸಬಹುದಿತ್ತು. ಆ ಸೌಲಭ್ಯ ಇಲ್ಲದವರು ಚಿಪ್‌ನ ಅಂಚಿನಲ್ಲಿರುವ ಬಿ21 ಎಂಬ ಸಂಪರ್ಕದ ಮೇಲೆ ಟೇಪಿನ ಚೂರು ಅಂಟಿಸುತ್ತಿದ್ದರು. ತಾನು 66ರ ಚಿಪ್ ಎಂದು ಬೋರ್ಡಿಗೆ ತಿಳಿಸುತ್ತಿದ್ದುದು ಆ ಸಂಪರ್ಕ. ಅದರ ಬಾಯಿ ಮುಚ್ಚಿದರೆ ಬೋರ್ಡ್ ಇದನ್ನು 100ರ ಚಿಪ್ ಎಂದೇ ನಂಬುತ್ತಿತ್ತು.

ಎಲ್ಲ ಚಿಪ್‌ಗಳೂ 450 ಮುಟ್ಟಲಿಲ್ಲ. ಮುಟ್ಟದವರು, ಅಷ್ಟು ಧೈರ್ಯ ಸಾಲದವರು ನಡುವಿನ ದಾರಿ ಹಿಡಿದರು: ಬೋರ್ಡಿಗೆ 83 ಮೆಗಾಹರ್ಟ್ಸ್, ಚಿಪ್‌ಗೆ 375. ಪ್ರೊಸೆಸರ್‌ಗೆ ಇದು ಸುಲಭದ ಓಟ, ಬಿಸಿಯೂ ಏರುತ್ತಿರಲಿಲ್ಲ. ಆದರೂ ಎಷ್ಟೋ ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನ ಕಡತಗಳು ಕೆಡತೊಡಗಿದವು, ವಿಂಡೋಸ್ ಮೇಲೇಳಲು ಒಲ್ಲೆನೆಂದಿತು. ಅದೇ ಯಂತ್ರವನ್ನು ಇನ್ನೂ ಮೇಲೆ, 100ಕ್ಕೆ ಒಯ್ದವರಲ್ಲಿ ಅನೇಕರಿಗೆ ಈ ಕಾಟ ಇರಲಿಲ್ಲ.

ಕಾರಣ ಪ್ರೊಸೆಸರಿನಲ್ಲಿ ಇರಲೇ ಇಲ್ಲ. ಡಿಸ್ಕಿನ ನಿಯಂತ್ರಕ, ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್‌ಗಳೆಲ್ಲ ಕೂರುವ ಪಿಸಿಐ ದಾರಿಗೆ 33 ಮೆಗಾಹರ್ಟ್ಸ್ ಬೇಕು. ಬೋರ್ಡ್ ಅದನ್ನು ತನ್ನ ಮೂಲ ಮಿಡಿತವನ್ನು ಭಾಗಿಸಿ ಪಡೆಯುತ್ತದೆ. 66 ಇದ್ದಾಗ ಎರಡರಿಂದ ಭಾಗಿಸಿದರೆ 33. 100 ಇದ್ದಾಗ ಮೂರರಿಂದ ಭಾಗಿಸಿದರೆ ಮತ್ತೆ 33. ನಡುವಿನ 83ಕ್ಕೆ ಮಾತ್ರ ಬಹುತೇಕ ಬೋರ್ಡುಗಳು ಎರಡರಿಂದಲೇ ಭಾಗಿಸುತ್ತಿದ್ದವು. ಪಿಸಿಐ 41 ದಾಟುತ್ತಿತ್ತು. ಅಂದರೆ ನಾಲ್ಕನೇ ಒಂದು ಭಾಗ ಹೆಚ್ಚು ವೇಗಕ್ಕೆ ತಳ್ಳಲ್ಪಟ್ಟಿದ್ದು ಡಿಸ್ಕ್ ನಿಯಂತ್ರಕ. ಬೈಗುಳ ತಿಂದದ್ದು ಪ್ರೊಸೆಸರ್.

ಓವರ್‌ಕ್ಲಾಕಿಂಗ್ ಕುರಿತು ಹೇಳಬೇಕಾದ ಮುಖ್ಯ ಮಾತು ಈ ಘಟನೆಯಲ್ಲೇ ಇದೆ. 'ನನ್ನ ಚಿಪ್ 5.1 ಗಿಗಾಹರ್ಟ್ಸ್‌ಗೆ ಬೀಳುತ್ತದೆ' ಎಂದು ಯಾರಾದರೂ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಿದ್ದದ್ದು ಯಾರು ಎಂದು ಹುಡುಕಬೇಕು. ಪ್ರೊಸೆಸರಿನ ಕೋರ್ ಇರಬಹುದು, ಅದರೊಳಗಿನ ಕ್ಯಾಶ್ ಇರಬಹುದು, ಮೆಮೊರಿ ನಿಯಂತ್ರಕ ಇರಬಹುದು, ರ‍್ಯಾಮ್ ಇರಬಹುದು, ವೋಲ್ಟೇಜ್ ಇಳಿಸಿ ಕೊಡುವ ಬೋರ್ಡಿನ ಮಂಡಲ ಇರಬಹುದು. ಒಬ್ಬೊಬ್ಬರ ಮಿತಿ ಒಂದೊಂದು ಕಡೆ ಇರುತ್ತದೆ, ಒಬ್ಬೊಬ್ಬರಿಗೆ ಕೊಡಬೇಕಾದ ಮದ್ದೂ ಬೇರೆ.

ಮೊದಲು ಕೋರನ್ನೇ ನೋಡೋಣ. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಮಿಡಿತ, ಒಂದು ಮಿಡಿತಕ್ಕೆ 200 ಪಿಕೊಸೆಕೆಂಡು. ಅಷ್ಟರಲ್ಲಿ ಬೆಳಕು ಶೂನ್ಯದಲ್ಲಿ 6 ಸೆಂಟಿಮೀಟರ್ ದೂರವನ್ನಷ್ಟೇ ಕ್ರಮಿಸುತ್ತದೆ. ಇಷ್ಟು ಹೊತ್ತಿನಲ್ಲಿ ಸಂಕೇತವೊಂದು ಒಂದರ ಹಿಂದೊಂದು ಜೋಡಿಸಿದ ಟ್ರಾನ್ಸಿಸ್ಟರ್‌ಗಳ ಸಾಲನ್ನು ದಾಟಿ, ಆಚೆ ತುದಿಯಲ್ಲಿ ಉತ್ತರವನ್ನು ಹಿಡಿದಿಡುವ ಫ್ಲಿಪ್‌ಫ್ಲಾಪ್ ಮಂಡಲವನ್ನು ಮುಟ್ಟಬೇಕು. ಬರೀ ಮುಟ್ಟಿದರೆ ಸಾಲದು, ಮಿಡಿತ ಬಡಿಯುವುದಕ್ಕೆ ಸ್ವಲ್ಪ ಮೊದಲೇ ಬಂದು ಸ್ಥಿರವಾಗಿ ನಿಂತಿರಬೇಕು. ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಆಳುಗಳು ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ. ಲಯ ಏರಿಸಿದರೆ ಎಲ್ಲರೂ ಒಟ್ಟಿಗೆ ಸೋಲುವುದಿಲ್ಲ. ಎಲ್ಲರಿಗಿಂತ ದೂರಕ್ಕೆ ಕೈ ಚಾಚಬೇಕಾದ ಒಬ್ಬನ ಹತ್ತಿರ ಬಾಂಡ್ಲಿ ಜಾರುತ್ತದೆ. ಚಿಪ್‌ನಲ್ಲೂ ಕೋಟ್ಯಂತರ ದಾರಿಗಳಿದ್ದು, ಅವುಗಳಲ್ಲಿ ತೀರಾ ನಿಧಾನದ್ದು ಯಾವುದೋ ಅದೇ ಮಿತಿ. ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ಎರಡು ಚಿಪ್‌ಗಳಲ್ಲಿ ಈ ದಾರಿ ಒಂದೇ ಕಡೆ ಇರಬೇಕೆಂದೇನೂ ಇಲ್ಲ. ಗೆಳೆಯನ ಚಿಪ್ ಓಡಿದ ವೇಗಕ್ಕೆ ನಮ್ಮದೂ ಓಡೀತೆಂಬ ಭರವಸೆ ಇಲ್ಲದಿರುವುದು ಇದರಿಂದಲೇ.

ಬಾಂಡ್ಲಿ ಬಿದ್ದರೆ ಸದ್ದಾಗುತ್ತದೆ. ಚಿಪ್‌ನೊಳಗೆ ಉತ್ತರ ತಡವಾಗಿ ಬಂದರೆ ಫ್ಲಿಪ್‌ಫ್ಲಾಪ್ ಹಳೆಯ ಬೆಲೆಯನ್ನೇ ಹಿಡಿದು ಮುಂದಕ್ಕೆ ದಾಟಿಸುತ್ತದೆ. ಒಂದು ಇರಬೇಕಾದಲ್ಲಿ ಸೊನ್ನೆ. ಯಾವ ಎಚ್ಚರಿಕೆಯೂ ಇಲ್ಲದೆ ಲೆಕ್ಕ ಮುಂದುವರಿಯುತ್ತದೆ. ಆ ತಪ್ಪು ಬಿಟ್ ಒಂದು ಮೆಮೊರಿ ವಿಳಾಸದೊಳಗೆ ಸೇರಿದ್ದರೆ ಪ್ರೋಗ್ರಾಮು ಎಲ್ಲಿಗೋ ಹೋಗಿ ಕುಸಿಯುತ್ತದೆ, ನೀಲಿ ಪರದೆ ಬರುತ್ತದೆ. ಚಿತ್ರದ ಒಂದು ಚುಕ್ಕಿಯೊಳಗೆ ಸೇರಿದ್ದರೆ ಬಣ್ಣ ಕೊಂಚ ಬೇರೆಯಾಗುತ್ತದೆ, ಯಾರಿಗೂ ಕಾಣುವುದಿಲ್ಲ. ಉಳಿಸುತ್ತಿರುವ ಕಡತದೊಳಗೆ ಸೇರಿದ್ದರೆ ಅಲ್ಲೇ ಉಳಿದು, ವರ್ಷ ಕಳೆದ ಮೇಲೆ ಮಗುವಿನ ಫೋಟೊ ತೆರೆಯುವಾಗ ಗೊತ್ತಾಗುತ್ತದೆ. ಕಂಪ್ಯೂಟರ್ ಹ್ಯಾಂಗ್ ಆಗದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುವುದು ಬಹಳ ದೊಡ್ಡ ತಪ್ಪು. ಹ್ಯಾಂಗ್ ಆಗುವುದು ಕೊನೆಗೆ. ತಪ್ಪು ಉತ್ತರಗಳು ಅದಕ್ಕೂ ಮೊದಲೇ ಶುರುವಾಗಿರುತ್ತವೆ.

ಹಾಗಾದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನೇ ಚಿಪ್‌ಗೆ ಕೇಳಬೇಕು. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ಪ್ರೈಮ್95 ತಂತ್ರಾಂಶ ಹುಟ್ಟಿದ್ದು ಓವರ್‌ಕ್ಲಾಕಿಂಗ್‌ಗಾಗಿ ಅಲ್ಲ, ಗಣಿತಕ್ಕಾಗಿ. 1996ರಲ್ಲಿ ಅಮೆರಿಕದ ಜಾರ್ಜ್ ವೋಲ್ಟ್‌ಮನ್ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಸ್ವಯಂಸೇವಕರ ಯೋಜನೆಯೊಂದನ್ನು ಶುರುಮಾಡಿದರು. ಅವರವರ ಮನೆಯ ಕಂಪ್ಯೂಟರ್ ವಾರಗಟ್ಟಲೆ ಬೃಹತ್ ಸಂಖ್ಯೆಗಳ ವರ್ಗ ಮಾಡುತ್ತಾ ಹೋಗಬೇಕು. ನಡುವೆ ಒಂದೇ ಒಂದು ಬಿಟ್ ತಪ್ಪಿದರೂ ಅಷ್ಟೂ ದುಡಿಮೆ ನೀರುಪಾಲು. ಆದ್ದರಿಂದ ತಂತ್ರಾಂಶ ತನ್ನ ಲೆಕ್ಕವನ್ನು ತಾನೇ ಕಾಯಬೇಕಾಯಿತು. ಅದರ ಉಪಾಯ ಚೆಲುವಾದದ್ದು. ದೊಡ್ಡ ಸಂಖ್ಯೆಗಳ ಗುಣಾಕಾರವನ್ನು ಅದು ದಶಮಾಂಶಗಳಲ್ಲಿ, ಫೂರಿಯೆ ಪರಿವರ್ತನೆಯ ಮೂಲಕ ಮಾಡುತ್ತದೆ. ಫಲಿತಗಳು ಪೂರ್ಣಾಂಕಕ್ಕೆ ತೀರ ಹತ್ತಿರ ಬರಲೇಬೇಕು. ಯಾವುದಾದರೂ ಫಲಿತ ಪೂರ್ಣಾಂಕದಿಂದ 0.4ಕ್ಕಿಂತ ಹೆಚ್ಚು ದೂರ ಸರಿದಿದ್ದರೆ ಎಲ್ಲೋ ಕೈತಪ್ಪಿದೆ ಎಂದರ್ಥ. ಯಂತ್ರ ಬೀಳುವವರೆಗೆ ಕಾಯದೆ, ತಪ್ಪಿದ ಕ್ಷಣದಲ್ಲೇ ಇದು ಹೇಳಿಬಿಡುತ್ತದೆ.

ಈ ಪರೀಕ್ಷೆಗೆ ಇನ್ನೊಂದು ಗುಣವಿದೆ. ಸಣ್ಣ ಗಾತ್ರದ ಪರಿವರ್ತನೆ ಆರಿಸಿದರೆ ಲೆಕ್ಕವೆಲ್ಲ ಪ್ರೊಸೆಸರಿನ ಕ್ಯಾಶ್ ಒಳಗೇ ನಡೆಯುತ್ತದೆ, ರ‍್ಯಾಮ್ ಕಡೆ ತಿರುಗಿಯೂ ನೋಡುವುದಿಲ್ಲ. ದೊಡ್ಡ ಗಾತ್ರ ಆರಿಸಿದರೆ ಮೆಮೊರಿ ನಿಯಂತ್ರಕಕ್ಕೂ ರ‍್ಯಾಮ್‌ಗೂ ಬಿಡುವೇ ಇರುವುದಿಲ್ಲ. ಸಣ್ಣದರಲ್ಲಿ ತಪ್ಪಿದರೆ ಕೋರ್ ಕಡೆ ನೋಡಿ. ಸಣ್ಣದರಲ್ಲಿ ಗೆದ್ದು ದೊಡ್ಡದರಲ್ಲಿ ಸೋತರೆ ಕೋರಿಗೆ ವೋಲ್ಟೇಜ್ ಏರಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. 2003ರಲ್ಲಿ ಎಎಂಡಿ ಅಥ್ಲಾನ್ 64ರಲ್ಲಿ, 2008ರಲ್ಲಿ ಇಂಟೆಲ್ ನೆಹಲೆಮ್‌ನಲ್ಲಿ ಮೆಮೊರಿ ನಿಯಂತ್ರಕ ಪ್ರೊಸೆಸರಿನೊಳಕ್ಕೇ ಬಂದ ಮೇಲೆ ಈ ಎರಡನ್ನು ಬೇರ್ಪಡಿಸಿ ನೋಡುವುದು ಇನ್ನಷ್ಟು ಮುಖ್ಯವಾಯಿತು. ರ‍್ಯಾಮ್ ಪಟ್ಟಿಯ ಮೇಲೆ ಮುದ್ರಿಸಿರುವ ಎಕ್ಸ್‌ಎಂಪಿ ವೇಗವನ್ನು ಬಯೋಸ್‌ನಲ್ಲಿ ಒಂದೇ ಒತ್ತಿಗೆ ಚಾಲೂ ಮಾಡುವ ಬಹಳ ಜನರಿಗೆ, ಅದೂ ಓವರ್‌ಕ್ಲಾಕಿಂಗೇ ಎಂಬುದು ತಿಳಿದಿರುವುದಿಲ್ಲ. ಪಟ್ಟಿ ಆ ವೇಗಕ್ಕೆ ಸಿದ್ಧವಿರಬಹುದು. ಪ್ರೊಸೆಸರಿನೊಳಗಿನ ನಿಯಂತ್ರಕ ಸಿದ್ಧವಿದೆಯೆಂದು ಯಾರೂ ಮಾತು ಕೊಟ್ಟಿಲ್ಲ. ಹಾಗಾಗಿ ಮೊದಲ ಹೆಜ್ಜೆಯಾಗಿ ಎಕ್ಸ್‌ಎಂಪಿ ತೆಗೆದು, ರ‍್ಯಾಮನ್ನು ಅದರ ಸಾದಾ ವೇಗಕ್ಕೆ ಇಳಿಸಿ, ಕೋರಿನ ಮಿತಿಯನ್ನು ಒಂಟಿಯಾಗಿ ಹುಡುಕಬೇಕು. ಅದು ಸಿಕ್ಕ ಮೇಲೆ ಕೋರನ್ನು ಸಾದಾ ವೇಗಕ್ಕೆ ತಂದು ರ‍್ಯಾಮ್‌ನ ಮಿತಿ. ಎರಡನ್ನೂ ಒಟ್ಟಿಗೆ ಏರಿಸಿದವರು ಯಾವುದು ಬಿತ್ತೆಂದು ಕೊನೆಗೂ ತಿಳಿಯಲಾರರು.

ಗಣಿತದ ಪರೀಕ್ಷೆಯೇ ಆಗಬೇಕೆಂದೂ ಇಲ್ಲ. ದೊಡ್ಡ ಪ್ರೋಗ್ರಾಮೊಂದನ್ನು ಮೂಲ ಸಂಕೇತದಿಂದ ಕಂಪೈಲ್ ಮಾಡುವ ಕೆಲಸ ಅಷ್ಟೇ ಕಠಿಣ ಪರೀಕ್ಷೆ. ಕಂಪೈಲರ್ ಮೆಮೊರಿಯ ತುಂಬ ವಿಳಾಸಗಳ ಜಾಲ ಹೆಣೆಯುತ್ತದೆ. ಒಂದು ವಿಳಾಸ ತಪ್ಪಿದರೂ ಕುಸಿಯುತ್ತದೆ. ಲಿನಕ್ಸ್ ಬಳಸುವವರಿಗೆ 'ಸಿಗ್ನಲ್ 11' ಎಂಬ ದೋಷ ಹಳೆಯ ಪರಿಚಯ. ಅವರಲ್ಲಿ ಒಂದು ಸರಳ ಪರೀಕ್ಷೆ ಬಳಕೆಯಲ್ಲಿದೆ. ಕಂಪೈಲ್ ಪ್ರತಿಸಲವೂ ಒಂದೇ ಸಾಲಿನಲ್ಲಿ ನಿಂತರೆ ತಂತ್ರಾಂಶದ ದೋಷ. ಪ್ರತಿಸಲ ಬೇರೆಬೇರೆ ಕಡೆ ನಿಂತರೆ ಯಂತ್ರದ ದೋಷ. ಇಷ್ಟು ಅಗ್ಗದ, ಇಷ್ಟು ಖಚಿತವಾದ ರೋಗಪರೀಕ್ಷೆ ಕಂಪ್ಯೂಟರ್ ಲೋಕದಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಈ ಪರೀಕ್ಷೆಯ ಮುಂದೆ ಇಂಟೆಲ್ ಕೂಡ ಸೋತಿದೆ. 2000ದ ಮಾರ್ಚ್‌ನಲ್ಲಿ ಎಎಂಡಿ 1 ಗಿಗಾಹರ್ಟ್ಸ್ ಗೆರೆಯನ್ನು ಇಂಟೆಲ್‌ಗಿಂತ ಎರಡು ದಿನ ಮೊದಲು ಮುಟ್ಟಿತು. ಪೈಪೋಟಿಯ ಬಿಸಿಯಲ್ಲಿ ಇಂಟೆಲ್ ಜುಲೈ 31ಕ್ಕೆ 1.13 ಗಿಗಾಹರ್ಟ್ಸ್‌ನ ಪೆಂಟಿಯಂ-3 ಪ್ರಕಟಿಸಿತು. ಚಿಪ್‌ಗಳನ್ನು ಪರೀಕ್ಷಿಸಿ ಬರೆಯುತ್ತಿದ್ದ ಥಾಮಸ್ ಪಾಬ್ಸ್ಟ್ ಅವರಿಗೆ ಅದರಲ್ಲಿ ಲಿನಕ್ಸ್ ಕರ್ನೆಲ್ ಕಂಪೈಲ್ ಮುಗಿಸಲು ಆಗಲೇ ಇಲ್ಲ. ಅದೇ ಕೆಲಸದಲ್ಲಿದ್ದ ಕೈಲ್ ಬೆನೆಟ್ ಅವರಿಗೂ ಚಿಪ್ ಭದ್ರವಾಗಿ ನಿಲ್ಲಲಿಲ್ಲ. ಇಂಟೆಲ್ ತನ್ನ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಿ, ಆಗಸ್ಟ್ 28ರಂದು ಚಿಪ್ಪನ್ನು ಹಿಂದಕ್ಕೆ ಕರೆಸಿಕೊಂಡಿತು. 180 ನ್ಯಾನೊಮೀಟರ್ ತಂತ್ರಜ್ಞಾನದ ಆ ವಿನ್ಯಾಸದಲ್ಲಿ ಹೆಚ್ಚು ಉಸಿರು ಉಳಿದಿರಲಿಲ್ಲ. ಮರುವರ್ಷ 130 ನ್ಯಾನೊಮೀಟರಿನ ಟ್ಯುಯಲಾಟಿನ್ ಬಂದಾಗ ಅದೇ ವೇಗ ಸಲೀಸಾಯಿತು. ಕಾರ್ಖಾನೆಯೇ ಮಿತಿಯ ಅಂಚಿಗೆ ಹೋದರೆ ನಿಸರ್ಗನಿಯಮ ರಿಯಾಯಿತಿ ಕೊಡುವುದಿಲ್ಲ.

ಈಗ ಮದ್ದಿನ ವಿಷಯ. ಟ್ರಾನ್ಸಿಸ್ಟರಿಗೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಅದು ಬೇಗ ತೆರೆದು ಮುಚ್ಚುತ್ತದೆ. ಆದ್ದರಿಂದ ನಿಧಾನದ ದಾರಿಯೂ ಚುರುಕಾಗುತ್ತದೆ. ಆದರೆ ಚಿಪ್ ಉಣ್ಣುವ ವಿದ್ಯುತ್ತು ವೇಗದ ಜೊತೆ ನೇರವಾಗಿ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರುತ್ತದೆ. 4.5ರಿಂದ 5 ಗಿಗಾಹರ್ಟ್ಸ್‌ಗೆ ಹೋಗಲು 1.20 ವೋಲ್ಟನ್ನು 1.35 ಮಾಡಬೇಕಾಯಿತು ಎನ್ನಿ. ವೇಗ ಸಿಕ್ಕಿದ್ದು ನೂರಕ್ಕೆ 11ರಷ್ಟು, ಶಾಖ ಏರಿದ್ದು ನೂರಕ್ಕೆ 40ರಷ್ಟು. ಬಿಸಿ ಏರಿದರೆ ತಂತಿಗಳ ರೋಧ ಹೆಚ್ಚುತ್ತದೆ, ಟ್ರಾನ್ಸಿಸ್ಟರಿನ ಸೋರಿಕೆ ಹೆಚ್ಚುತ್ತದೆ, ಸೋರಿಕೆಯಿಂದ ಮತ್ತೆ ಬಿಸಿ. ಒಂದು ಹಂತದ ನಂತರ ಕೊಟ್ಟ ಮದ್ದೇ ರೋಗವಾಗುತ್ತದೆ.

ಹಾಗೆಂದು ಮದ್ದು ವ್ಯರ್ಥವಲ್ಲ. ಅದಕ್ಕೆ ಚಿಪ್ ಹೇಗೆ ಸ್ಪಂದಿಸುತ್ತದೆ ಎಂಬುದೇ ಒಳ್ಳೆಯ ಸುಳಿವು. ವೋಲ್ಟೇಜನ್ನು 0.02ರಷ್ಟು ಏರಿಸಿ ನೋಡಿದಾಗ, ಹತ್ತು ನಿಮಿಷಕ್ಕೆ ಸೋಲುತ್ತಿದ್ದ ಪರೀಕ್ಷೆ ಎರಡು ಗಂಟೆ ನಡೆದರೆ ಕೋರಿಗೆ ವೋಲ್ಟೇಜ್ ಸಾಲದಿದ್ದುದು ಸ್ಪಷ್ಟ. ಏನೂ ವ್ಯತ್ಯಾಸ ಕಾಣದಿದ್ದರೆ ತಪ್ಪು ಬೇರೆಲ್ಲೋ ಇದೆ. ಏರಿಸಿದ ಮೇಲೆ ಮೊದಲಿಗಿಂತ ಬೇಗ ಸೋತರೆ ಶಾಖದ ಕಡೆ ತಿರುಗಬೇಕು: ಕೂಲರ್ ಸರಿಯಾಗಿ ಕೂತಿದೆಯೇ, ಥರ್ಮಲ್ ಪೇಸ್ಟ್ ಒಣಗಿದೆಯೇ, ಫ್ಯಾನಿಗೆ ಧೂಳು ಕಟ್ಟಿದೆಯೇ. ಗಾಳಿಯಿಂದ ತಂಪು ಮಾಡುವ ಯಾವ ಕೂಲರ್ ಕೂಡ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಜನವರಿಯಲ್ಲಿ ಬೆಂಗಳೂರಿನಲ್ಲಿ ಹೊಂದಿಸಿದ ಯಂತ್ರವನ್ನು ಏಪ್ರಿಲ್‌ನಲ್ಲಿ ರಾಯಚೂರಿಗೆ ಒಯ್ದರೆ ಚಿಪ್‌ನ ಉಷ್ಣತೆಗೆ ಹದಿನೈದು ಡಿಗ್ರಿ ಸುಮ್ಮನೆ ಸೇರಿಕೊಳ್ಳಬಹುದು. ಚಳಿಗಾಲದಲ್ಲಿ ಕಂಡುಕೊಂಡ ಮಿತಿ ಚಳಿಗಾಲದ್ದೇ.

ಬಯೋಸ್‌ನಲ್ಲಿ ಬರೆದ ವೋಲ್ಟೇಜೇ ಚಿಪ್‌ಗೆ ತಲುಪುತ್ತದೆಂದು ತಿಳಿಯುವುದೂ ತಪ್ಪು. ಭಾರವಾದ ಕೆಲಸದಲ್ಲಿ ಇಂದಿನ ದೊಡ್ಡ ಪ್ರೊಸೆಸರ್ 150 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ದಾರಿಯ ರೋಧ ಒಂದು ಮಿಲಿಓಮ್ ಇದ್ದರೂ 150 ಆಂಪಿಯರ್‌ಗೆ 0.15 ವೋಲ್ಟ್ ನಡುವೆಯೇ ಕಳೆದುಹೋಗುತ್ತದೆ. ಈ ಇಳಿತವನ್ನು ತುಂಬಿಕೊಡಲು ಬೋರ್ಡುಗಳಲ್ಲಿ ಲೋಡ್‌ಲೈನ್ ಹೊಂದಾಣಿಕೆ ಇರುತ್ತದೆ. ಅದನ್ನು ಗರಿಷ್ಠಕ್ಕೆ ಇಟ್ಟುಬಿಡುವ ಆಸೆ ಬಿಡಬೇಕು. ಭಾರ ತಟ್ಟನೆ ಇಳಿದಾಗ ವೋಲ್ಟೇಜ್ ಒಂದು ಕ್ಷಣ ಹೊಂದಿಸಿದ್ದಕ್ಕಿಂತ ಮೇಲೆ ಚಿಮ್ಮುತ್ತದೆ. ಆ ಮಿಂಚಿನಂಥ ಏರಿಕೆ ಸಾಮಾನ್ಯ ತಂತ್ರಾಂಶದ ಪರದೆಯಲ್ಲಿ ಕಾಣುವುದೇ ಇಲ್ಲ. ಸ್ವಲ್ಪ ಇಳಿತವನ್ನು ಒಪ್ಪಿಕೊಂಡು ನಡುವಿನ ಹಂತದಲ್ಲಿಡುವುದು ಚಿಪ್‌ನ ಆಯುಷ್ಯಕ್ಕೆ ಹಿತ.

ಹೊಸ ಚಿಪ್‌ಗಳಲ್ಲಿ ಸಮಸ್ಯೆ ತಲೆಕೆಳಗಾಗಿಯೂ ಕಾಣಿಸುತ್ತದೆ. 2020ರಲ್ಲಿ ಬಂದ ಎಎಂಡಿ ರೈಜೆನ್ 5000 ಸರಣಿಯಲ್ಲಿ ಪ್ರತಿ ಕೋರಿಗೂ ಬೇರೆಬೇರೆಯಾಗಿ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್ ಎಂಬ ಸೌಲಭ್ಯವಿದೆ. ತಗ್ಗಿಸಿದರೆ ಬಿಸಿ ಕಡಿಮೆ, ಉಳಿದ ಅವಕಾಶದಲ್ಲಿ ಚಿಪ್ ತಾನೇ ವೇಗ ಏರಿಸಿಕೊಳ್ಳುತ್ತದೆ. ಹೀಗೆ ತಗ್ಗಿಸಿದ ಯಂತ್ರ ಎಲ್ಲ ಕೋರ್‌ಗಳನ್ನೂ ದುಡಿಸುವ ಪರೀಕ್ಷೆಯನ್ನು ರಾತ್ರಿಯಿಡೀ ಗೆದ್ದು, ಬೆಳಿಗ್ಗೆ ಸುಮ್ಮನೆ ಕೂತಿದ್ದಾಗ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ. ಎಲ್ಲ ಕೋರ್‌ಗಳೂ ದುಡಿಯುವಾಗ ವೇಗ ಸುಮಾರು 4.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಯಂತ್ರಕ್ಕೆ ಕೆಲಸವಿಲ್ಲದಿದ್ದಾಗ ಯಾವುದೋ ಚಿಕ್ಕ ಕೆಲಸಕ್ಕೆ ಒಂದೇ ಕೋರ್ ಎದ್ದು 5 ಗಿಗಾಹರ್ಟ್ಸ್ ಸಮೀಪಕ್ಕೆ ಜಿಗಿಯುತ್ತದೆ. ಮಿತಿ ಮುರಿಯುವುದು ಆ ಜಿಗಿತದಲ್ಲಿ. ಇಂಥದ್ದನ್ನು ಹಿಡಿಯಲು ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸಬೇಕು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ದಾಖಲಾಗುವ ಡಬ್ಲ್ಯುಎಚ್‌ಇಎ ದೋಷಗಳೂ ಇಲ್ಲಿ ನೆರವಿಗೆ ಬರುತ್ತವೆ. ಯಾವ ಕೋರ್ ಎಡವಿತು ಎಂಬ ಗುರುತು, ದೋಷ ಕ್ಯಾಶ್‌ನದೋ ಒಳದಾರಿಯದೋ ಎಂಬ ವಿವರ ಅಲ್ಲಿ ಸಿಗುತ್ತದೆ. ನೀಲಿ ಪರದೆ ಕಂಡೊಡನೆ ವೋಲ್ಟೇಜ್ ಏರಿಸುವ ಮುನ್ನ ಆ ದಾಖಲೆ ತೆರೆದು ಓದುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿ ಕಂಡುಕೊಂಡ ಮಿತಿ ಶಾಶ್ವತವಲ್ಲ. ಹೆಚ್ಚು ವೋಲ್ಟೇಜು, ಹೆಚ್ಚು ಬಿಸಿ ಎರಡೂ ಸೇರಿ ಟ್ರಾನ್ಸಿಸ್ಟರನ್ನು ವರ್ಷಗಳಲ್ಲಿ ಮಂದವಾಗಿಸುತ್ತವೆ. ಇದರ ದೊಡ್ಡ ಉದಾಹರಣೆ ಕಂಡದ್ದು ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ. ಕೋರ್ ಐ9 ಕೊಂಡವರ ಆಟಗಳು 'ವಿಡಿಯೊ ಮೆಮೊರಿ ಸಾಲದು' ಎಂಬ ಸಂದೇಶ ಕೊಟ್ಟು ನಿಲ್ಲುತ್ತಿದ್ದವು. ಸಹಜವಾಗಿಯೇ ಜನ ಗ್ರಾಫಿಕ್ಸ್ ಕಾರ್ಡನ್ನು ಶಂಕಿಸಿದರು. ಅಸಲಿಗೆ ಒತ್ತಿ ಇಟ್ಟ ಕಡತಗಳನ್ನು ಬಿಚ್ಚುವಾಗ ಪ್ರೊಸೆಸರ್ ತಪ್ಪು ಲೆಕ್ಕ ಮಾಡುತ್ತಿತ್ತು. ಬಿಚ್ಚುವ ತಂತ್ರಾಂಶ ತನ್ನ ಫಲಿತವನ್ನು ತಾಳೆ ನೋಡುವಂಥದ್ದಾದ್ದರಿಂದ ತಪ್ಪು ಅಲ್ಲಿ ಮೊದಲು ಸಿಕ್ಕಿಬಿತ್ತು. 2024ರಲ್ಲಿ ಇಂಟೆಲ್ ಮೂಲ ಕಾರಣ ತಿಳಿಸಿತು. ಕೋರಿನೊಳಗೆ ಮಿಡಿತವನ್ನು ಹಂಚುವ ಮಂಡಲವೊಂದು ಏರಿದ ವೋಲ್ಟೇಜು ಮತ್ತು ಉಷ್ಣತೆಗೆ ಸಿಕ್ಕಿ ಅಕಾಲದಲ್ಲಿ ಸವೆಯುತ್ತಿತ್ತು. ಸವೆದಂತೆ ಚಿಪ್ ಕೆಲಸ ಮಾಡಲು ಬೇಕಾದ ಕನಿಷ್ಠ ವೋಲ್ಟೇಜು ಮೇಲಕ್ಕೆ ಸರಿಯುತ್ತಿತ್ತು. ಆಗಸ್ಟ್‌ನಲ್ಲಿ ಬಂದ ಮೈಕ್ರೊಕೋಡ್ ತಿದ್ದುಪಡಿ ಚಿಪ್ ಕೇಳಬಹುದಾದ ವೋಲ್ಟೇಜನ್ನು 1.55ಕ್ಕೆ ಕಟ್ಟಿಹಾಕಿತು.

ಆ ತಿದ್ದುಪಡಿ ಇನ್ನೂ ಸವೆಯದ ಚಿಪ್‌ಗಳನ್ನು ಕಾಯಬಲ್ಲದು, ಸವೆದದ್ದನ್ನು ಸರಿಪಡಿಸಲಾರದು. ಹಾಗಾಗಿ ಹೋದ ವರ್ಷ ಸಲೀಸಾಗಿ ನಡೆಯುತ್ತಿದ್ದ ಹೊಂದಾಣಿಕೆಯಲ್ಲಿ ಈ ವರ್ಷ ಯಂತ್ರ ಎಡವತೊಡಗಿದರೆ ಮೊದಲು ಬಯೋಸ್ ನವೀಕರಿಸಿ, ಎಲ್ಲವನ್ನೂ ಕಾರ್ಖಾನೆಯ ಸ್ಥಿತಿಗೆ ತಂದು, ರ‍್ಯಾಮನ್ನೂ ಸಾದಾ ವೇಗಕ್ಕೆ ಇಳಿಸಿ, ಅದೇ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ಅಲ್ಲಿ ಗೆದ್ದರೆ ವೇಗವನ್ನು ನೂರಿನ್ನೂರು ಮೆಗಾಹರ್ಟ್ಸ್ ತಗ್ಗಿಸಿ ಹೊಸ ಮಿತಿ ಹುಡುಕಬಹುದು. ರ‍್ಯಾಮನ್ನೂ ಶಾಖವನ್ನೂ ಬೇರೆಯಾಗಿ ಪರೀಕ್ಷಿಸಿ ಅವುಗಳ ತಪ್ಪಿಲ್ಲವೆಂದು ಖಚಿತವಾದ ಮೇಲೂ ಅಲ್ಲಿ ಸೋತರೆ, ಬಯೋಸ್‌ನ ಯಾವ ಅಂಕಿಯನ್ನು ತಿರುಗಿಸಿದರೂ ಪ್ರಯೋಜನವಿಲ್ಲ, ಚಿಪ್ ಬದಲಾಯಿಸಬೇಕು. ಬಾಧಿತ ಚಿಪ್‌ಗಳ ವಾರಂಟಿಯನ್ನು ಇಂಟೆಲ್ ಎರಡು ವರ್ಷ ಹೆಚ್ಚಿಸಿ ಒಟ್ಟು ಐದು ವರ್ಷ ಮಾಡಿದೆ.